ಇಂದಿನ ಧಮ್ಮ ಚಿಂತನೆ: ಪೇಪರ್ ಕಪ್ಪು, ಗಾಜಿನ ಲೋಟ





ಈ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ನನಗೇ ಪಾಠ ಕಲಿಸಿದಳು. ಇಂದು ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದಳು. ನಮ್ಮ ಬೀದಿಯದೇ ಹುಡುಗಿ. ಮುಂದೆ ಕಾಮರ್ಸ್ ಓದುವ ಆಸೆ. "ರಜೆಯಲ್ಲಿ ಎಲ್ಲಾದರೂ ಕೆಲಸ ಕಲೀತೀನಿ ಸರ್" ಎಂದಳು. ನನಗೆ ಪರಿಚಯದ ಆಡಿಟರ್ ಒಬ್ಬರಿಗೆ ಹೇಳಿ ಒಂದು ತಿಂಗಳ ಇಂಟರ್ನ್‌ಶಿಪ್‌ಗೆ ಸೇರಿಸಿದೆ. ಅಂಗಡಿಗಳಿಂದ ಬಂದ ಬಿಲ್ಲುಗಳನ್ನು ತಿಂಗಳುವಾರು ಜೋಡಿಸುವುದು, ನಂಬರು ಹಾಕುವುದು, ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುವುದು, ಟ್ಯಾಲಿಯಲ್ಲಿ ಎಂಟ್ರಿ ಮಾಡುವುದು. ವಾರದೊಳಗೆ ಕೈ ಕುದುರಿತು. "ಒಂದು ಬಿಲ್ಲು ತಪ್ಪಿದರೂ ಲೆಕ್ಕ ಕೂರಲ್ಲ ಸರ್" ಎಂದು ದೊಡ್ಡವರ ಹಾಗೆ ಮಾತಾಡತೊಡಗಿದಳು.

ಬುದ್ಧ ಪೂರ್ಣಿಮೆಯ ಸಂಜೆ ವಿಹಾರದ ಮೆಟ್ಟಿಲ ಮೇಲೆ ಕೂತಿದ್ದಾಗ ಉಳಿದದ್ದನ್ನೂ ಹೇಳಿದಳು. ಮೊದಲ ದಿನ ಅವಳಿಗೂ ಎಲ್ಲರಂತೆ ಗಾಜಿನ ಲೋಟದಲ್ಲೇ ಟೀ ಬಂದಿತ್ತು. ಅವತ್ತು ಸಂಜೆ ಹಿರಿಯ ಗುಮಾಸ್ತರು "ಮನೆ ಎಲ್ಲಮ್ಮಾ?" ಎಂದು ಕೇಳಿದರು. "ಅಂಬೇಡ್ಕರ್ ನಗರ" ಎಂದಳು. ಮಾರನೆಯ ದಿನದಿಂದ ಅವಳಿಗೆ ಮಾತ್ರ ಪೇಪರ್ ಕಪ್ಪು. ಹೊಸಬರಿಗೆ ಹೀಗೇ ಇರಬಹುದು ಅಂದುಕೊಂಡಳಂತೆ. ಎರಡನೆಯ ವಾರ ಇನ್ನೊಬ್ಬ ಹುಡುಗ ಕೆಲಸ ಕಲಿಯಲು ಬಂದ. ಅವನಿಗೆ ಮೊದಲ ದಿನದಿಂದ ಕೊನೆಯ ದಿನದವರೆಗೂ ಗಾಜಿನ ಲೋಟ. ಆ ಲೋಟಗಳನ್ನು ತೊಳೆಯುತ್ತಿದ್ದವರು ನಮ್ಮ ಬೀದಿಯ ಅಜ್ಜಿಯೇ. ತೊಳೆಯುವ ಕೈ ನಮ್ಮದಾಗಬಹುದು, ಕುಡಿಯುವ ತುಟಿ ನಮ್ಮದಾಗಬಾರದು!

ನಾನೇನು ಹೇಳಿದೆ ಗೊತ್ತೇ? "ಇನ್ನು ಹತ್ತು ದಿನ ತಾನೇ, ಸಹಿಸಿಕೊಳ್ಳಮ್ಮ. ಸರ್ಟಿಫಿಕೇಟ್ ಮುಖ್ಯ." ಅವಳು ಮಾತಾಡಲಿಲ್ಲ.

ಮರುದಿನ ಅವಳೇ ಆಡಿಟರ್ ಮುಂದೆ ನಿಂತು ಕೇಳಿದ್ದಾಳೆ: "ಸರ್, ಎಲ್ಲರಿಗೂ ಕೊಡೋ ಲೋಟದಲ್ಲೇ ನನಗೂ ಟೀ ಕೊಡೋಕೆ ಹೇಳಿ. ಇಲ್ಲಾಂದ್ರೆ ನನಗೆ ಟೀ ಬೇಡ." ದನಿ ಏರಿಸಲಿಲ್ಲ, ಅಳಲಿಲ್ಲ. ಕೇಳಿ ಬಂದು ಮತ್ತೆ ಬಿಲ್ಲು ಜೋಡಿಸಲು ಕೂತಳು. ಆ ಮರುದಿನದಿಂದ ಆಫೀಸಿನಲ್ಲಿ ಎಲ್ಲರಿಗೂ ಪೇಪರ್ ಕಪ್ಪು! "ನನಗೊಂದು ಲೋಟ ಕೊಡೋದಕ್ಕಿಂತ ತಾವೇ ಪೇಪರ್ ಕಪ್ಪಲ್ಲಿ ಕುಡಿಯೋದು ಅವರಿಗೆ ಸುಲಭ ಅನ್ನಿಸ್ತು ನೋಡಿ ಸರ್" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆ ರಾತ್ರಿ ಸಿಗಾಲೋವಾದ ಸುತ್ತವನ್ನು ತೆಗೆದು ಓದಿದೆ. ರಾಜಗೃಹದಲ್ಲಿ ಸಿಗಾಲನೆಂಬ ತರುಣ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈ ಮುಗಿಯುತ್ತಿದ್ದ. ಭಗವಾನ್ ಬುದ್ಧರು ಆ ದಿಕ್ಕುಗಳಿಗೆ ಬೇರೆಯೇ ಅರ್ಥ ಕೊಟ್ಟರು. ಪೂರ್ವ ಎಂದರೆ ತಂದೆ ತಾಯಿ, ದಕ್ಷಿಣ ಎಂದರೆ ಗುರುಗಳು, ಕೆಳಗಿನ ದಿಕ್ಕು ಎಂದರೆ ನಮಗಾಗಿ ದುಡಿಯುವವರು. ದುಡಿಸಿಕೊಳ್ಳುವವನಿಗೆ ಐದು ಕರ್ತವ್ಯಗಳನ್ನು ಹೇಳಿದರು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ಸವಿಯಾದದ್ದನ್ನು ಹಂಚಿಕೊಳ್ಳುವುದು, ಸಕಾಲಕ್ಕೆ ಬಿಡುವು. ಹಂಚಿಕೊಂಡು ತಿನ್ನುವುದನ್ನು ಕೂಲಿಯ ಜೊತೆಗೇ ಎಣಿಸಿದ್ದಾರೆ, ಗಮನಿಸಿ. ಲೆಕ್ಕದ ಪುಸ್ತಕ ಮುಟ್ಟಬಹುದು, ಲೋಟ ಮುಟ್ಟಬಾರದು ಎನ್ನುವ ಆಫೀಸು ಧಮ್ಮದ ಲೆಕ್ಕದಲ್ಲಿ ಕೂರುವುದಿಲ್ಲ.

ಆದರೆ ನನಗೆ ನಾಟಿದ್ದು ದಕ್ಷಿಣ ದಿಕ್ಕಿನ ಮಾತು. ಗುರುವಿಗೂ ಐದು ಕರ್ತವ್ಯಗಳಿವೆ. ಶಿಷ್ಯರನ್ನು ತನ್ನ ಪರಿಚಯದವರಿಗೆ ಪರಿಚಯಿಸುವುದು ಒಂದು, ಅದನ್ನು ಮಾಡಿದ್ದೆ. ಎಲ್ಲ ದಿಕ್ಕುಗಳಲ್ಲೂ ಶಿಷ್ಯರಿಗೆ ರಕ್ಷಣೆಯಾಗುವುದು ಇನ್ನೊಂದು, ಅಲ್ಲಿ ಸೋತೆ. ಆಡಿಟರ್ ಜೊತೆಗಿನ ಪರಿಚಯ ಕೆಡಬಾರದು ಎಂಬ ಅಂಜಿಕೆ ನನ್ನದು. ಅದಕ್ಕೆ "ಸಹನೆ" ಎಂಬ ಒಳ್ಳೆಯ ಹೆಸರಿಟ್ಟು ಮಗುವಿನ ಕೈಗೆ ಕೊಟ್ಟೆ.

ಬಂಧುಗಳೇ, ಖಂತಿ ಬೇರೆ, ಹೆದರಿಕೆ ಬೇರೆ. ದ್ವೇಷವಿಲ್ಲದೆ ಗಟ್ಟಿಯಾಗಿ ನಿಲ್ಲುವುದು ಖಂತಿ. ಬಾಯಿ ಮುಚ್ಚಿಕೊಂಡು ಒಳಗೇ ಕುದಿಯುವುದು ಖಂತಿಯಲ್ಲ. ಆ ಹುಡುಗಿ ಕೆಲಸವನ್ನೂ ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ.

ಬಾಬಾಸಾಹೇಬರ ಬರೋಡಾ ದಿನಗಳು ನಿಮಗೆ ಗೊತ್ತು. 1917ರಲ್ಲಿ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ 26ರ ತರುಣನ ಮೇಜಿನ ಮೇಲೆ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಕಚೇರಿಯಲ್ಲಿ ಕುಡಿಯಲು ನೀರಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದ ಹನ್ನೊಂದನೆಯ ದಿನ ಹೊರಗೆ ಹಾಕಿದರು. ಆ ಅವಮಾನವನ್ನು ಅವರು ಮರೆಯಲೂ ಇಲ್ಲ, ಬಚ್ಚಿಡಲೂ ಇಲ್ಲ, ಬರೆದಿಟ್ಟರು. ಮುಂದೆ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಇರುವ ಸಂವಿಧಾನದ ಕರಡನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು. ಅಂದು ಅವರು ಒಬ್ಬರೇ. ಇಂದು ಆ ಹುಡುಗಿಯ ಹಿಂದೆ ನಾವಿದ್ದೇವೆ. ಇದ್ದೇವೆಯೇ?

ಕೊನೆಯ ದಿನ ನಾನೂ ಆ ಆಫೀಸಿಗೆ ಹೋದೆ. ಆಡಿಟರ್ "ಇದು ಸ್ವಚ್ಛತೆಗೋಸ್ಕರ ಸರ್" ಎಂದರು. "ಹಾಗಾದರೆ ಆಮೇಲೆ ಬಂದ ಹುಡುಗನಿಗೆ ಗಾಜಿನ ಲೋಟ ಯಾಕೆ ಕೊಟ್ಟಿರಿ?" ಎಂದೆ. ಉತ್ತರ ಬರಲಿಲ್ಲ. ಅವರು ಬದಲಾದರೋ ಇಲ್ಲವೋ, ನಾನು ಕೇಳಿದೆ. ಅದೂ ತಡವಾಗಿ.

*ಇಂದಿನ ಅಭ್ಯಾಸ:* ನಮ್ಮ ಮನೆಯ ಅಡುಗೆಕಟ್ಟೆಯನ್ನೊಮ್ಮೆ ನೋಡೋಣ. ಬೀದಿ ಗುಡಿಸುವ ಅಕ್ಕ, ಚರಂಡಿಗೆ ಇಳಿಯುವ ಅಣ್ಣ ನೀರು ಕೇಳಿದರೆ ಯಾವ ಲೋಟಕ್ಕೆ ಕೈ ಹೋಗುತ್ತದೆ? ನಮ್ಮಲ್ಲೇ ಇರುವ ಒಳಪಂಗಡದವರು ಬಂದರೆ? ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಎರಡು ಬಗೆಯ ಲೋಟ ಇರಬಾರದು. ಇಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು "ಶಾಲೆಯಲ್ಲಿ, ಕೆಲಸದಲ್ಲಿ ನಿನ್ನನ್ನು ಹೇಗೆ ನೋಡಿಕೊಳ್ಳುತ್ತಾರೆ?" ಎಂದು ಕೇಳಿ. ಕೇಳಿದ ಮೇಲೆ ದಯವಿಟ್ಟು "ಸಹಿಸಿಕೋ" ಎಂದು ಮಾತು ಮುಗಿಸಬೇಡಿ.

ಸಾಧು, ಸಾಧು, ಸಾಧು.
ಜೈ ಭೀಮ್ 💙