ಪ್ರಹ್ಲಾದರಾಜರ ತೀರ್ಪು ಮತ್ತು ನಮ್ಮ ಮೌನ

ಶ್ರಾವಣ ಬಹುಳ ದ್ವಿತೀಯಾದಂದು ಶ್ರೀರಾಘವೇಂದ್ರ ಗುರುಸಾರ್ವಭೌಮರ ಆರಾಧನೆ. ಗುರುಗಳು ಪ್ರಹ್ಲಾದರಾಜರ ಅವತಾರವೆಂದು ನಂಬಿರುವ ನಮಗೆ, ಪ್ರಹ್ಲಾದರೆಂದೊಡನೆ ಕಂಬವೂ ನರಸಿಂಹನೂ ನೆನಪಾಗುವುದು ಸಹಜ. ತಂದೆಯೆದುರು ಸತ್ಯ ನುಡಿದ ಆ ಬಾಲಕರು ತಾವೇ ತಂದೆಯಾದ ಮೇಲೆ ಎದುರಿಸಿದ ಪರೀಕ್ಷೆಯನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ಮಹಾಭಾರತದ ಸಭಾಪರ್ವದಲ್ಲಿ ವಿದುರನು ಅದನ್ನು ಹೇಳುತ್ತಾನೆ. ಕನ್ಯೆಯೊಬ್ಬಳ ನಿಮಿತ್ತವಾಗಿ ಪ್ರಹ್ಲಾದರ ಮಗ ವಿರೋಚನನಿಗೂ ಅಂಗಿರಸರ ಮಗ ಸುಧನ್ವನಿಗೂ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ವಿವಾದ; ಪ್ರಾಣವೇ ಪಣ. ತೀರ್ಪಿಗೆ ಬಂದದ್ದು ಪ್ರಹ್ಲಾದರಲ್ಲಿಗೇ. ಅವರು ಕಶ್ಯಪರನ್ನು ಕೇಳಿದರು. ತಿಳಿದೂ ಉತ್ತರಿಸದವನು ವರುಣನ ಸಾವಿರ ಪಾಶಗಳಿಂದ ಬದ್ಧನಾಗುತ್ತಾನೆ, ವರ್ಷಕ್ಕೊಂದರಂತೆ ಅವು ಬಿಡುತ್ತವೆ ಎಂದರು ಕಶ್ಯಪರು. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧ ಸಭಾಮುಖ್ಯನಿಗೆ, ಕಾಲು ಮಾಡಿದವನಿಗೆ, ಉಳಿದ ಕಾಲು ಸುಮ್ಮನೆ ಕುಳಿತವರಿಗೆ. ಮಾಡಿದವನಿಗಿಂತ ಯಜಮಾನನ ಪಾಲೇ ಹೆಚ್ಚೆಂಬುದನ್ನು ಗಮನಿಸಬೇಕು. ಪ್ರಹ್ಲಾದರು ಮಗನನ್ನು ಕರೆದು, ಸುಧನ್ವನೇ ನಿನಗಿಂತ ಶ್ರೇಷ್ಠನೆಂದರು. ಸುಧನ್ವನು ಮೆಚ್ಚಿ ವಿರೋಚನನನ್ನು ಬದುಕಗೊಟ್ಟನು. ದ್ರೌಪದಿಯ ಪ್ರಶ್ನೆಗೆ ಉತ್ತರ ದೊರೆಯದ ಸಭೆಯಲ್ಲಿ ವಿದುರನು ಇಷ್ಟೆಲ್ಲ ಹೇಳಿದರೂ ರಾಜರು ತುಟಿ ಬಿಚ್ಚಲಿಲ್ಲ.

ಆ ರಾಜರನ್ನು ಜರೆಯುವುದು ಸುಲಭ. ಕೆಲವು ವರ್ಷಗಳ ಹಿಂದೆ ಒಂದು ನಿಶ್ಚಿತಾರ್ಥದಲ್ಲಿ ನಾನೂ ಕುಳಿತಿದ್ದೆ. ವರನ ಉದ್ಯೋಗ ಹೋಗಿದ್ದುದೂ ಸಾಲವಿದ್ದುದೂ ಅವನ ಕಡೆಯವರಿಗೆಲ್ಲ ತಿಳಿದಿತ್ತು; ನನಗೂ ತಿಳಿದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂಬ ಗಾದೆಯನ್ನು ಹಿರಿಯರೊಬ್ಬರು ನನ್ನ ಕಿವಿಯಲ್ಲಿ ನುಡಿದು, ವಿವಾಹಕಾಲದ ಅನೃತ ನಿಂದ್ಯವಲ್ಲವೆಂದು ಭಾಗವತದಲ್ಲಿಯೇ ಇದೆಯಲ್ಲ ಎಂದರು. ಇದೆ, ನಿಜ. ಹೇಳಿದವರು ಶುಕ್ರಾಚಾರ್ಯರು, ವಾಮನನಿಗಿತ್ತ ಮಾತಿನಿಂದ ಬಲಿಯನ್ನು ತಪ್ಪಿಸಲೆಂದು ಹೇಳಿದರು. ಬಲಿ ಒಪ್ಪಲಿಲ್ಲ. ಅವನು ಅದೇ ವಿರೋಚನನ ಮಗ, ಪ್ರಹ್ಲಾದರ ಮೊಮ್ಮಗ.

ಈ ಉತ್ತರ ನನಗೆ ಅಲ್ಲಿಯೇ ತೋರಿತ್ತು. ಪಾಠಶಾಲೆಯಲ್ಲಿ ಕಲಿತದ್ದು ಮರೆತಿರಲಿಲ್ಲ. ಆದರೆ ತಂದೆಯವರ ಪೌರೋಹಿತ್ಯ ನಡೆಯುವುದು ಅಂತಹ ಮನೆಗಳಿಂದಲೇ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಮನುವಿನ ಮಾತನ್ನು ಆಶ್ರಯಿಸಿದೆ. ಪ್ರಿಯವಾದ ಅಸತ್ಯವನ್ನೂ ನುಡಿಯಬಾರದೆಂದು ಅದೇ ಶ್ಲೋಕದಲ್ಲಿರುವುದನ್ನು ಬಿಟ್ಟೆ. ಲಗ್ನಪತ್ರಿಕೆಯನ್ನು ಓದಿದವನು ನಾನೇ.

ಮರುವರ್ಷದ ಆರಾಧನೆಯಂದು ಕನ್ಯೆಯ ತಂದೆ ಮಂತ್ರಾಕ್ಷತೆಗೆ ಕೈ ಚಾಚಿ, “ನಿಮಗೆ ಮೊದಲೇ ತಿಳಿದಿತ್ತೇ, ಆಚಾರ್ಯರೇ?” ಎಂದು ಕೇಳಿದರು. ತಿಳಿದಿತ್ತೆಂದೆ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.