ಬಾಯಿಪಾಠವೂ ಅರಿವೂ

ಅಶೋಕನೆಂಬ ಹೆಸರು ಯಾವ ಶಾಸನದಲ್ಲಿ ದೊರೆಯಿತೆಂದು ನಮ್ಮ ಸೀಮೆಯ ಯಾವ ಹುಡುಗನನ್ನು ಕೇಳಿದರೂ ಮಸ್ಕಿಯೆಂಬ ಉತ್ತರವು ತಡವಿಲ್ಲದೆ ಬರುತ್ತದೆ. ಕರ್ನಾಟಕ ಸಂಗೀತದ ಪಿತಾಮಹರಾರೆಂದರೆ ಪುರಂದರದಾಸರು. ಚಿನ್ನದ ಗಣಿಯೆಲ್ಲಿಯೆಂದರೆ ಹಟ್ಟಿ. ಸಾಮಾನ್ಯಜ್ಞಾನದ ಕೈಪಿಡಿಗಳಲ್ಲಿ ಇಂತಹ ಪ್ರಶ್ನೋತ್ತರಗಳು ಸಹಸ್ರಗಟ್ಟಲೆಯಾಗಿವೆ. ಇವನ್ನು ಉರುಹೊಡೆದವನನ್ನು ಜನರು ಬಹುಜ್ಞನೆಂದು ಕೊಂಡಾಡುತ್ತಾರೆ. ಇದು ಜ್ಞಾನವೆನಿಸಬಲ್ಲುದೇ? ಅಲ್ಲವಾದರೆ, ಅರಿಯದುದನ್ನು ಅರಿತವನಂತೆ ನುಡಿಯುವುದರಲ್ಲಿ ದೋಷವುಂಟೇ? ಈ ವಿಷಯವನ್ನು ವಾಚಕ ಮಹಾಶಯರೊಡನೆ ಕಿಂಚಿತ್ ವಿಚಾರಮಾಡಬೇಕೆಂದು ತೋರಿತು.

ಕಣ್ಣಾರೆ ಕಂಡುದು ಮಾತ್ರವೇ ಜ್ಞಾನವೆಂದು ಹಟ ಹಿಡಿಯುವಂತಿಲ್ಲ. ನಾವು ಹುಟ್ಟಿದ ದಿನವನ್ನೂ ತಾಯಿಯ ಮಾತಿನಿಂದಲೇ ಬಲ್ಲೆವಷ್ಟೆ! ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಆದರೆ ಎಲ್ಲರ ಶಬ್ದವನ್ನಲ್ಲ, ಆಪ್ತನ ಶಬ್ದವನ್ನು. ಆಪ್ತನಾರೆಂದರೆ, ವಸ್ತುವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರನಾದ ವಾತ್ಸ್ಯಾಯನನು ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳಿರುವನು. ಎಂತಹ ಉದಾರವಾದ ಮಾತು! ಕೈಪಿಡಿಯ ಕೊರತೆಯು ಇಲ್ಲಿಯೇ ಇದೆ. ಅದರಲ್ಲಿ ಉತ್ತರವುಂಟು, ಆಪ್ತನಿಲ್ಲ. ಯಾರು ಕಂಡರು, ಹೇಗೆ ಕಂಡರು ಎಂಬುದು ಅದರಲ್ಲಿ ಎಲ್ಲಿಯೂ ದೊರೆಯದು.

ಮಸ್ಕಿಯನ್ನೇ ನೋಡೋಣ. ಬ್ರಾಹ್ಮೀಲಿಪಿಯನ್ನು ಓದಬಲ್ಲವರು ನಮ್ಮ ದೇಶದಲ್ಲಿ ಎಷ್ಟೋ ಶತಮಾನಗಳ ಹಿಂದೆಯೇ ಇಲ್ಲವಾಗಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅಶೋಕನ ಎರಡು ಸ್ತಂಭಗಳನ್ನು ದಿಲ್ಲಿಗೆ ತರಿಸಿದಾಗ ಅವುಗಳ ಮೇಲಿನ ಬರಹವನ್ನು ಓದಿ ಹೇಳುವ ಪಂಡಿತರು ದೊರೆಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಆ ಲಿಪಿಯನ್ನು ಬಿಡಿಸಿದನು. ಆದರೆ ಅಲ್ಲಿ ಕಂಡುದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಅದು ಸಿಂಹಳದ ಅರಸನದಾಗಿರಬಹುದೆಂದು ಮೊದಲು ಆತನು ಎಣಿಸಿದನು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರನು ಅಲ್ಲಿಯ ಪಾಲೀ ಗ್ರಂಥದ ಆಧಾರದಿಂದ ಪ್ರಿಯದರ್ಶಿಯೆಂದರೆ ಅಶೋಕನೇ ಎಂದು ತಿಳಿಸಿದನು. ಆದರೂ ಕಲ್ಲಿನ ಸಾಕ್ಷ್ಯವು ದೊರೆತಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿಯ ಇಂಜಿನಿಯರನು ಚಿನ್ನವನ್ನು ಹುಡುಕುತ್ತ ಬಂದು ನಮ್ಮ ಮಸ್ಕಿಯ ಗುಡ್ಡದಲ್ಲಿ ಈ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಪ್ರಕಟಿಸಿದಾಗ ಬಿರುದಿನೊಡನೆ ಅಶೋಕನೆಂಬ ಹೆಸರೂ ಹೊರಬಂದಿತು. ಚಿನ್ನಕ್ಕಾಗಿ ಬಂದವನಿಗೆ ಇದಕ್ಕಿಂತ ಮಿಗಿಲಾದ ಚಿನ್ನವು ದೊರೆತಂತಾಯಿತಲ್ಲವೇ! ಎಪ್ಪತ್ತೆಂಟು ವರ್ಷಗಳ ಈ ಶ್ರಮವನ್ನೆಲ್ಲ ಬಿಟ್ಟು, ಕೊನೆಯ ಒಂದು ಪದವನ್ನು ಮಾತ್ರ ಕೈಪಿಡಿಯು ಮಗುವಿನ ಬಾಯಿಗೆ ಹಾಕುತ್ತದೆ.

ಅಷ್ಟೇ ಅಲ್ಲ. ಮಸ್ಕಿಯಲ್ಲಿ 'ಮಾತ್ರ' ಈ ಹೆಸರಿದೆಯೆಂದು ಕೆಲವು ಪುಸ್ತಕಗಳು ಈಗಲೂ ಬರೆಯುತ್ತಿವೆ. ತರುವಾಯ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಸಿಂಧನೂರಿನವರಿಗೆ ತುಂಗಭದ್ರೆಯ ಆಚೆಯ ದಡದ ನೆರೆಹೊರೆಯೇ ಆದ ಸಿರಗುಪ್ಪ ಸೀಮೆಯ ನಿಟ್ಟೂರು ಉಡೇಗೊಳಗಳಲ್ಲಿಯೂ ಅದು ದೊರೆತಿರುವುದು. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಆತನ ರೂಪವನ್ನೇ ಕೆತ್ತಿ ಕೆಳಗೆ ಹೆಸರನ್ನು ಬರೆದಿದ್ದಾರೆ. ಕಾರಣವನ್ನು ಅರಿತವನು ಹೊಸ ಸಾಕ್ಷ್ಯ ಬಂದಾಗ ತಿದ್ದಿಕೊಳ್ಳುತ್ತಾನೆ. ಬಾಯಿಪಾಠದವನಿಗೆ ತಿದ್ದಿಕೊಳ್ಳಲು ಹಿಡಿಯೇ ಇಲ್ಲ.

ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ಯುದ್ಧವಾಯಿತೆಂಬುದೂ ಹೀಗೆಯೇ ಬಾಯಿಂದ ಬಾಯಿಗೆ ನಡೆದ ಮಾತು. ಅದನ್ನು ಬರೆದಿಟ್ಟ ಫೆರಿಸ್ತನು ಸುಮಾರು ಇನ್ನೂರು ವರ್ಷಗಳ ಮೇಲೆ ಇದ್ದವನೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಥೆಯು ಸೊಗಸಾಗಿದೆ; ಇರಲಿ.

ಒಗಟುಗಳ ಗುಣವೇ ಬೇರೆ. ದಂಡಿಯು ಕಾವ್ಯಾದರ್ಶದಲ್ಲಿ ಪ್ರಹೇಲಿಕೆಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿ ಲಕ್ಷಣ ಹೇಳಿದನು. ನಮ್ಮ ಕನಕದಾಸರು ಮುಂಡಿಗೆಗಳನ್ನು ಹಾಡಿದರು. ನಮ್ಮ ಅಜ್ಜಿಯರು ರಾಗಿ ಜೋಳ ಬೀಸುತ್ತಲೇ ಒಗಟು ಹಾಕಿದರು. ಒಗಟಿನ ಉತ್ತರವು ಕೇಳುವವನ ಮನೆಯಲ್ಲಿಯೇ ಇರುತ್ತದೆ: ಒನಕೆ, ದೀಪ, ತೆಂಗಿನಕಾಯಿ. ದಿನವೂ ಕಂಡು ನೋಡದೆ ಬಿಟ್ಟುದನ್ನು ಅದು ಮತ್ತೊಮ್ಮೆ ನೋಡಿಸುತ್ತದೆ. ಉತ್ತರವನ್ನು ಮುಂಚೆಯೇ ಹೇಳಿಬಿಟ್ಟರೆ ಒಗಟು ಕೆಟ್ಟಿತು. ಕೈಪಿಡಿಯ ಪ್ರಶ್ನೆಗಾದರೋ ಉತ್ತರವನ್ನು ಮುಂಚೆಯೇ ಯಾರಾದರೂ ಹೇಳಿರಬೇಕು; ಯೋಚಿಸಿ ಕಂಡುಹಿಡಿಯುವ ದಾರಿಯೇ ಅಲ್ಲಿಲ್ಲ. ಸಂಗೀತದ ಮಾತೂ ಹೀಗೆಯೇ. ಮಾಯಾಮಾಳವಗೌಳದಲ್ಲಿ ಸರಳೆಯನ್ನು ಹೇಳಿಕೊಡುವ ಪದ್ಧತಿಯು ಪುರಂದರದಾಸರಿಂದ ಬಂದುದೆಂಬ ಸಂಪ್ರದಾಯವಿದೆ. ಒಂದು ತಿಂಗಳು ನಸುಕಿನಲ್ಲಿ ಆ ಸರಳೆಯನ್ನು ಸಾಧಿಸಿದ ಮಗುವಿಗೆ ಪಿತಾಮಹರೆಂಬ ಪದವು ಗಂಟಲಿನಲ್ಲಿಯೇ ತಿಳಿಯುತ್ತದೆ.

ಇಷ್ಟರಿಂದ ಕೈಪಿಡಿಯನ್ನೋದುವ ಮಕ್ಕಳನ್ನು ಹಳಿಯಬಾರದು. ಸಿಂಧನೂರು ಲಿಂಗಸುಗೂರುಗಳಲ್ಲಿ ಒಂದು ನೌಕರಿಗಾಗಿ ಅರ್ಧರಾತ್ರಿಯವರೆಗೆ ಕುಳಿತು ಓದುವ ಬಡವರ ಮಕ್ಕಳಿದ್ದಾರೆ. ಅವರಿಗೆ ಅದು ಅನ್ನದ ಮಾರ್ಗ, ಅನ್ನವು ನಿಂದ್ಯವಲ್ಲ. ಹೊಣೆಯು ಅನ್ನದ ಚಿಂತೆಯಿಲ್ಲದೆ ಅದೇ ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿ, ಉತ್ತರ ಬಂದೊಡನೆ ಮಗುವಿನ ಬೆನ್ನು ತಟ್ಟಿ ಸುಮ್ಮನಾಗುವ ನಮ್ಮಂಥವರದು.

ಪ್ರಶ್ನೋತ್ತರಗಳಲ್ಲಿ ಯಕ್ಷಪ್ರಶ್ನೆಯನ್ನು ಮೀರಿಸಿದುದುಂಟೇ? ವನಪರ್ವದಲ್ಲಿ ಧರ್ಮರಾಜನು ಒಂದೂ ತಪ್ಪದೆ ಎಲ್ಲಕ್ಕೂ ಉತ್ತರಕೊಟ್ಟನು. ಆದರೂ ಯಕ್ಷನು ಅಷ್ಟರಿಂದಲೇ ನಾಲ್ವರನ್ನೂ ಎಬ್ಬಿಸಿಕೊಡಲಿಲ್ಲ, ಒಬ್ಬನನ್ನು ಆರಿಸೆಂದನು. ಭೀಮಾರ್ಜುನರು ಸತ್ತು ಬಿದ್ದಿರಲು, ಕುಂತಿಗೆ ತಾನೊಬ್ಬನಿರುವೆನು, ಮಾದ್ರಿಗೂ ಒಬ್ಬ ಮಗನು ಉಳಿಯಲೆಂದು ಆತನು ನಕುಲನನ್ನು ಬೇಡಿದನು. ಹಿಂದಿನ ಉತ್ತರಗಳೆಲ್ಲ ಬಾಯಿಪಾಠವೋ ಅರಿವೋ ಎಂಬುದು ಆಗ ಹೊರಬಿದ್ದಿತು.

ಆದಕಾರಣ ಮಸ್ಕಿಯೆಂದು ಉತ್ತರಿಸಿದ ಮಗುವನ್ನು, ಆ ಕಲ್ಲಿನಲ್ಲಿ ಅರಸನು ಏನು ಹೇಳಿದ್ದಾನೆಂದು ಮತ್ತೊಂದು ಪ್ರಶ್ನೆ ಕೇಳಬೇಕು. ದೊಡ್ಡವರಿಗೆ ಮಾತ್ರವೇ ಉತ್ತಮಗತಿಯೆಂದು ಎಣಿಸಬೇಡಿರಿ, ಅಲ್ಪನೂ ಧರ್ಮದಲ್ಲಿ ನಡೆದರೆ ಅದನ್ನು ಪಡೆಯಬಲ್ಲನು, ಇದನ್ನು ಹಿರಿಯರಿಗೂ ಕಿರಿಯರಿಗೂ ತಿಳಿಸಬೇಕು ಎಂಬುದು ಅಲ್ಲಿಯ ಮಾತಿನ ತಾತ್ಪರ್ಯ. ಹೆಸರು ಎಲ್ಲರಿಗೂ ಗೊತ್ತು. ಮಾತು ಎಷ್ಟು ಮನೆಗಳನ್ನು ಮುಟ್ಟಿದೆ? ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮೋಟಾರುಗಳು ಮಸ್ಕಿಯ ಮೇಲೆಯೇ ಹಾಯುತ್ತವೆ. ಗುಡ್ಡವು ಊರಿಗೆ ಅಂಟಿಕೊಂಡೇ ಇದೆ.