ಕಳುಹಿಸಿದ ಕಡೆಗೆ ಹೋದ ಗುರುಗಳು

ಪ್ರಭು ಯೇಸು ಹೇಳಿದ ಸಾಮತಿಗಳಲ್ಲಿ ತೀರಾ ಚಿಕ್ಕದೊಂದಿದೆ. ಮತ್ತಾಯನ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಬರುತ್ತದೆ. ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು. ತಂದೆ ಒಬ್ಬನನ್ನು ಕರೆದು ತೋಟದ ಕೆಲಸಕ್ಕೆ ಹೋಗಲು ಹೇಳುತ್ತಾನೆ. ಅವನು ಆಗುವುದಿಲ್ಲ ಅಂದುಬಿಡುತ್ತಾನೆ. ಆಮೇಲೆ ಮನಸ್ಸು ಚುಚ್ಚಿ ಎದ್ದು ಹೋಗುತ್ತಾನೆ. ಇನ್ನೊಬ್ಬನಿಗೂ ತಂದೆ ಅದನ್ನೇ ಹೇಳಿದಾಗ, ಆಗಲಿ ಎಂದು ವಿನಯದಿಂದ ಒಪ್ಪುತ್ತಾನೆ. ಹೋಗುವುದು ಮಾತ್ರ ಇಲ್ಲ. ಇಬ್ಬರಲ್ಲಿ ತಂದೆಯ ಮಾತು ನಡೆಸಿದವನು ಯಾರು ಎಂಬುದು ಪ್ರಭುವಿನ ಪ್ರಶ್ನೆ. ಈ ಪ್ರಶ್ನೆಯನ್ನು ಅವರು ಬೀದಿಯಲ್ಲಿ ಕೇಳಿದ್ದಲ್ಲ, ಜೆರುಸಲೇಮಿನ ದೇವಾಲಯದಲ್ಲಿ ಕೇಳಿದ್ದು. ಕೇಳಿದ್ದೂ ದಿನಾ ದೇವರ ಹೆಸರು ಹೇಳುತ್ತಿದ್ದ ಮುಖ್ಯ ಯಾಜಕರನ್ನು, ಜನರ ಹಿರಿಯರನ್ನು.

ಎರಡನೆಯ ಮಗ ಕೆಟ್ಟವನೇನಲ್ಲ. ಮಾತು ಮೃದು, ತಂದೆಯ ಮೇಲೆ ಗೌರವ ಇದೆ. ಇಂದಿನ ಕಾಲದಲ್ಲಾದರೆ ಭಾನುವಾರದ ಪೂಜೆ ತಪ್ಪಿಸದವನು, ಒಂಬತ್ತು ದಿನದ ನೊವೇನಾ ಮುಗಿಸುವವನು ಅಂತ ಇಟ್ಟುಕೊಳ್ಳಿ. ದೇವರ ಮುಂದೆ ‘ಹೂಂ’ ಅನ್ನುವುದಕ್ಕೆ ಖರ್ಚಿಲ್ಲ. ಖರ್ಚು ಶುರುವಾಗುವುದು ತೋಟದ ದಾರಿಯಲ್ಲಿ.

ಮಂಗಳೂರಿನ ಸಮೀಪದ ಮುಡಿಪು ಗುಡ್ಡಕ್ಕೆ ಬರುವ ಭಕ್ತರಿಗೆ ಈ ಸಾಮತಿಯ ಮೊದಲ ಭಾಗವೂ ಅಲ್ಲದ, ಎರಡನೆಯ ಭಾಗವೂ ಅಲ್ಲದ ಮೂರನೆಯ ಮಗನೊಬ್ಬನ ಪರಿಚಯ ಇಲ್ಲೇ ಆಗುತ್ತದೆ. ಹೂಂ ಅಂದು, ಹೋದವರು ಅವರು: ಸಂತ ಜೋಸೆಫ್ ವಾಜ್. ಗುಡ್ಡದ ನೀರಿನ ಒರತೆಗಳ ಕಥೆ ಎಲ್ಲರಿಗೂ ಗೊತ್ತು. ಕಾಯಿಲೆಯವರೊಬ್ಬರಿದ್ದಾರೆ ಎಂದು ಸುಳ್ಳು ಹೇಳಿ ಗುರುಗಳನ್ನು ಗುಡ್ಡಕ್ಕೆ ಕರೆಸಿದರು, ಅವರು ಊರುಗೋಲು ಊರಿದಲ್ಲಿ ನೀರು ಚಿಮ್ಮಿತು ಎಂದು ಊರ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಕಥೆಯಲ್ಲಿ ನೀರಿನಷ್ಟೇ ದೊಡ್ಡದಾದ ಇನ್ನೊಂದು ಸಂಗತಿಯಿದೆ, ಅದರ ಕಡೆ ಗಮನ ಹೋಗುವುದು ಕಡಿಮೆ. ರೋಗಿ ಇದ್ದಾನೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವರು ಹೊರಟರು. ಯಾರು ಕರೆದದ್ದು, ಯಾಕೆ ಕರೆದದ್ದು ಎಂದು ವಿಚಾರಿಸುತ್ತ ಕೂರಲಿಲ್ಲ.

ಜೋಸೆಫ್ ವಾಜ್ ಹುಟ್ಟಿದ್ದು ಗೋವಾದ ಬೆನಾವ್ಲಿಯಲ್ಲಿ, 1651ರ ಏಪ್ರಿಲ್ 21ರಂದು. 1676ರಲ್ಲಿ ಗುರುದೀಕ್ಷೆ ಪಡೆದರು. ಆ ಹೊತ್ತಿಗೆ ಅವರ ಮನಸ್ಸೆಲ್ಲ ಸಿಲೋನಿನ ಮೇಲೆ, ಅಂದರೆ ಈಗಿನ ಶ್ರೀಲಂಕಾದ ಮೇಲೆ. ಕಾರಣವಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರಿಂದ ಜಾಫ್ನಾವನ್ನು ವಶಪಡಿಸಿಕೊಂಡಿದ್ದರು. ಕಥೋಲಿಕ ಗುರುಗಳನ್ನು ಹೊರಗೆ ಹಾಕಿದ್ದರು, ಬಂದವರಿಗೆ ಆಶ್ರಯ ಕೊಡುವುದೂ ಅಪರಾಧವಾಗಿತ್ತು. ಸಾವಿರಾರು ಜನ ಕ್ರೈಸ್ತರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಎರಡು ದಶಕ ಕಳೆದಿದ್ದರು. ಸಾಯುವವರಿಗೆ ಅಂತ್ಯಾಭ್ಯಂಗ ಕೊಡಲು ಒಬ್ಬ ಗುರು ಇಲ್ಲ. ಇದನ್ನು ಕೇಳಿದ ದಿನದಿಂದ ಜೋಸೆಫ್ ವಾಜ್‌ರಿಗೆ ಸಮಾಧಾನವಿಲ್ಲ.

ತನ್ನನ್ನು ಅಲ್ಲಿಗೆ ಕಳುಹಿಸಿ ಎಂದು ಅವರು ಹಿರಿಯರನ್ನು ಬೇಡಿಕೊಂಡರು. ಹಿರಿಯರು ಕಳುಹಿಸಿದ್ದು ಕೆನರಾಕ್ಕೆ!

1681ರ ಮಾತು ಇದು. ಕರಾವಳಿಯಲ್ಲಿ ಆಗ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಇಲ್ಲಿಯ ಕ್ರೈಸ್ತರ ಪಾಡು ಬೇರೆಯದೇ ರೀತಿಯ ಕಷ್ಟದ್ದು. ಒಂದು ಕಡೆ ಗೋವಾದ ಅಧಿಕಾರ, ಇನ್ನೊಂದು ಕಡೆ ರೋಮಿನಿಂದ ನೇಮಕವಾಗಿ ಬಂದ ಧರ್ಮಾಧ್ಯಕ್ಷ ಥಾಮಸ್ ದೆ ಕ್ಯಾಸ್ತ್ರೊ. ಕುರಿಗಳು ಯಾರ ಮಾತು ಕೇಳಬೇಕು ಎಂದು ಕುರುಬರೊಳಗೇ ಜಗಳ. ಇಂಥ ಜಾಗಕ್ಕೆ ಹೋಗಿ ಎಂದರೆ ಯಾರಿಗೆ ಇಷ್ಟವಾದೀತು? ಹುತಾತ್ಮನಾಗಲು ಸಿದ್ಧನಾಗಿದ್ದ ತರುಣ ಗುರುವಿಗೆ ಸಿಕ್ಕಿದ್ದು ಪಂಚಾಯಿತಿಕೆ ಕೆಲಸ. ಹುತಾತ್ಮನಾಗುವುದಕ್ಕಿಂತ ಇದು ಕಷ್ಟ ಎಂದು ಮನೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದವರಿಗೆ ಗೊತ್ತಿರುತ್ತದೆ.

ಅವರು ಬಂದರು. ಬರಿಗಾಲಲ್ಲಿ ಮಂಗಳೂರು, ಬಸ್ರೂರು, ಗಂಗೊಳ್ಳಿ ಸುತ್ತಿದರು. ಎದುರುಪಕ್ಷದ ಧರ್ಮಾಧ್ಯಕ್ಷರ ಬಳಿಗೆ ತಾವೇ ಹೋಗಿ, ತಲೆಬಾಗಿ, ಮಾತಾಡಿ, ಜನರ ಆತ್ಮಕ್ಕೆ ಕೇಡಾಗದ ಹಾಗೆ ಒಂದು ದಾರಿ ಹುಡುಕಲು ಪ್ರಯತ್ನಪಟ್ಟರು. ಮಕ್ಕಳಿಗೆ ಜ್ಞಾನೋಪದೇಶ ಹೇಳಿದರು, ಬಿದ್ದ ದೇವಾಲಯಗಳನ್ನು ಎಬ್ಬಿಸಿದರು. ಮೂರು ವರ್ಷ ಹೀಗೆ. ಸಿಲೋನಿನ ವಿಷಯ ಎತ್ತಿ ಯಾರನ್ನೂ ಪೀಡಿಸಲಿಲ್ಲ. ಮಂಗಳೂರಿನ ಕ್ರೈಸ್ತರಿಗೆ ಈ ಸಂತ ಸಿಕ್ಕಿದ್ದು ಅವರ ಆಸೆ ಈಡೇರಿದ್ದರಿಂದಲ್ಲ, ಈಡೇರದೆ ಇದ್ದುದರಿಂದ.

1684ರಲ್ಲಿ ಗೋವಾಕ್ಕೆ ಮರಳಿದರು. ಅಲ್ಲಿ ಕೆಲವು ಗುರುಗಳು ಸೇರಿ ಸಂತ ಫಿಲಿಪ್ ನೇರಿಯವರ ಒರಟೋರಿ ಸಭೆಯ ಕ್ರಮದಲ್ಲಿ ಬಾಳತೊಡಗಿದ್ದರು. ಆ ಸಮುದಾಯ ಇವರನ್ನೇ ಹಿರಿಯರನ್ನಾಗಿ ಆರಿಸಿತು. ಕೊನೆಗೆ 1686ರಲ್ಲಿ ಅನುಮತಿ ದೊರೆಯಿತು, ಜೊತೆಗಾರ ಜುವಾಂವ್ ಎಂಬ ಸೇವಕನನ್ನು ಕರೆದುಕೊಂಡು ಹೊರಟರು. ಗುರುಗಳ ವೇಷದಲ್ಲಿ ಹೋಗುವಂತಿಲ್ಲ. ಕೂಲಿಯವನ ಹಾಗೆ ಒಂದು ಸೊಂಟದ ಬಟ್ಟೆ. 1687ರಲ್ಲಿ ಜಾಫ್ನಾ ಸೇರುವಷ್ಟರಲ್ಲಿ ಅತಿಸಾರದಿಂದ ನೆಲ ಹಿಡಿದರು. ಜಡ್ಡು ಅಂಟೀತು ಎಂದು ಹೆದರಿ ಜನ ಅವರನ್ನು ಹೊರಗೆ ಹಾಕಿದರು. ಸೇವಕನೂ ಕಾಯಿಲೆ ಬಿದ್ದ. ಬಡ ಹೆಂಗಸೊಬ್ಬಳು ಗಂಜಿ ತಂದು ಕೊಟ್ಟಿದ್ದರಿಂದ ಇಬ್ಬರ ಜೀವ ಉಳಿಯಿತು. ಆ ತಾಯಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಸಿಲೋನಿನ ಧರ್ಮಸಭೆ ಮತ್ತೆ ಎದ್ದು ನಿಂತದ್ದರಲ್ಲಿ ಅವಳ ಗಂಜಿಯ ಪಾಲೂ ಇದೆ.

ಗುಣವಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ನೋಡಿದಾಗ ಯಾರ ಕಣ್ಣು ತೇವವಾಗುತ್ತದೆ, ಯಾರ ಮುಖ ಬದಲಾಗುತ್ತದೆ ಎಂದು ಗಮನಿಸಿ ಕ್ರೈಸ್ತರನ್ನು ಕಂಡುಹಿಡಿದರು. ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆ ನಿಂತು ರಾತ್ರಿ ಹೊತ್ತು ಪೂಜೆ ಅರ್ಪಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಕೇಳದೆ ಬಿಡಬಾರದು. ಮೂರು ವರ್ಷ ಹಿರಿಯರ ಮಾತಿಗೆ ತಲೆಬಾಗಿದವರು ಇಲ್ಲಿ ಸರಕಾರದ ಕಟ್ಟಳೆಯನ್ನು ದಿನಾ ಮುರಿಯುತ್ತಿದ್ದಾರಲ್ಲ? ಹಾಗಾದರೆ ವಿಧೇಯತೆ ಎಂದರೆ ಏನು?

ವಿಧೇಯತೆ ಎಂಬ ಮಾತು ತುಂಬಾ ಕೆಟ್ಟಿದೆ. ಬಾಯಿ ಮುಚ್ಚಿಕೊಂಡು ಬಿದ್ದಿರು ಅನ್ನುವುದಕ್ಕೆ ಮನೆಗಳಲ್ಲಿ ಇದೇ ಹೆಸರು ಕೊಡುತ್ತಾರೆ. ಹೊಡೆಯುವ ಗಂಡನಿಗೆ ಹೆಂಡತಿ ವಿಧೇಯಳಾಗಿರಬೇಕಂತೆ. ಅನ್ಯಾಯ ಮಾಡುವ ಧಣಿಗೆ ಆಳು ವಿಧೇಯನಾಗಿರಬೇಕಂತೆ. ಶುಭಸಂದೇಶದಲ್ಲಿ ಇಂಥದ್ದಕ್ಕೆ ಆಧಾರವಿಲ್ಲ. ಕಡೆಯ ಭೋಜನದ ರಾತ್ರಿ ಪ್ರಭು ಶಿಷ್ಯರಿಗೆ ಕೊಟ್ಟ ಹೊಸ ಆಜ್ಞೆ ಪ್ರೀತಿಯದ್ದು, ಅದನ್ನು ಕೊಡುವ ಮೊದಲು ಅವರು ಮಾಡಿದ ಕೆಲಸ ಶಿಷ್ಯರ ಕಾಲು ತೊಳೆದದ್ದು. ಆಜ್ಞೆ ಕೊಟ್ಟವನೇ ನೆಲದಲ್ಲಿ ಮಂಡಿಯೂರಿ ಕೂತಿದ್ದ. ಹಾಗಾಗಿ ಯಾವ ಅಪ್ಪಣೆ ದೇವರದ್ದು, ಯಾವುದು ಅಲ್ಲ ಎಂದು ತೂಗಲು ಒಂದು ತಕ್ಕಡಿ ಸಿಗುತ್ತದೆ. ಕೆನರಾಕ್ಕೆ ಹೋಗು ಎಂದ ಅಪ್ಪಣೆಗೆ ಜೋಸೆಫ್ ವಾಜ್ ಒಪ್ಪಿದಾಗ ನಷ್ಟವಾದದ್ದು ಅವರ ಸ್ವಂತ ಆಸೆಗೆ, ಲಾಭವಾದದ್ದು ಇಲ್ಲಿಯ ಜನಕ್ಕೆ. ಡಚ್ಚರ ಕಟ್ಟಳೆಗೆ ಒಪ್ಪಿದ್ದರೆ ಅವರು ಸುಖವಾಗಿ ಇರಬಹುದಿತ್ತು. ನಷ್ಟವಾಗುತ್ತಿದ್ದದ್ದು ಸಾಯುತ್ತಿದ್ದ ಬಡವರಿಗೆ. ಎರಡು ಸಲವೂ ಅವರು ಕೇಳಿದ್ದು ಒಂದೇ ದನಿಯನ್ನು.

1692ರಲ್ಲಿ ಅವರು ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯಕ್ಕೆ ಬಂದರು. ಅಲ್ಲಿಯ ಅರಸ ಎರಡನೇ ವಿಮಲಧರ್ಮಸೂರ್ಯ ಬೌದ್ಧ. ಇವನು ಪೋರ್ಚುಗೀಸರ ಗೂಢಚಾರ ಎಂದು ಯಾರೋ ಚಾಡಿ ಹೇಳಿದ್ದರಿಂದ ಸೆರೆಮನೆ ಸಿಕ್ಕಿತು. ಗುರುಗಳು ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು, ಅಂಗಳದಲ್ಲಿ ಒಂದು ಗುಡಿಸಲು ಎಬ್ಬಿಸಿ ಪೂಜೆ ಶುರು ಮಾಡಿದರು. ಕಾವಲು ಮೆಲ್ಲಗೆ ಸಡಿಲವಾಯಿತು.

ಅವರ ವಿಶ್ವಾಸದ ನಿಜವಾದ ಪರೀಕ್ಷೆ 1697ರಲ್ಲಿ ಬಂತು. ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಸಿಡುಬು ಈಗ ಲೋಕದಲ್ಲಿ ಇಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ತೊಲಗಿತೆಂದು ಸಾರಿತು. ಆದ್ದರಿಂದ ಅದರ ಭಯ ಎಂಥದ್ದೆಂದು ಇಂದಿನವರಿಗೆ ಅಂದಾಜು ಸಿಗಲಿಕ್ಕಿಲ್ಲ. ಮೈತುಂಬ ಕೀವಿನ ಗುಳ್ಳೆ, ಸುಡುವ ಜ್ವರ, ನಾತ. ಬದುಕಿದರೂ ಕೆಲವರಿಗೆ ಕಣ್ಣು ಹೋಗುತ್ತಿತ್ತು. ಅರಸ ರಾಜಧಾನಿ ಬಿಟ್ಟು ಹೋದ, ಉಳ್ಳವರು ಹಿಂದೆಯೇ ಹೊರಟರು. ಗುಳ್ಳೆ ಕಂಡವರನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟುಬರುತ್ತಿದ್ದರು. ಮಗ ತಾಯಿಯನ್ನು, ಗಂಡ ಹೆಂಡತಿಯನ್ನು. ಅವರೆಲ್ಲ ಕ್ರೂರಿಗಳು ಅಂತ ಅಲ್ಲ, ಹೆದರಿದವರು.

ಜೋಸೆಫ್ ವಾಜ್ ಮತ್ತು ಅವರ ಸೋದರಳಿಯ ಗುರು ಜೋಸೆಫ್ ಕಾರ್ವಾಲೊ ಇಬ್ಬರೂ ಊರಲ್ಲೇ ಉಳಿದರು. ಕಾಡಿಗೆ ಹೋಗಿ ರೋಗಿಗಳನ್ನು ಹುಡುಕಿದರು. ಅವರಿಗೆ ಗುಡಿಸಲು ಹಾಕಿದರು, ಜನ ಬಿಟ್ಟುಹೋದ ಖಾಲಿ ಮನೆಗಳಲ್ಲಿ ಮಲಗಿಸಿದರು. ಗಂಜಿ ಕಾಯಿಸಿ ಕುಡಿಸಿದರು, ಹುಣ್ಣು ತೊಳೆದರು, ಮಲಮೂತ್ರ ಬಳಿದರು. ಸತ್ತವರಿಗೆ ತಾವೇ ಗುಂಡಿ ತೋಡಿದರು. ಅವನು ಕ್ರೈಸ್ತನೋ ಬೌದ್ಧನೋ ಎಂದು ಕೇಳಿ ಗಂಜಿ ಕೊಟ್ಟದ್ದಲ್ಲ. ಒಂದು ದಿನ, ಎರಡು ದಿನ ಯಾರಾದರೂ ಮಾಡಬಹುದು. ಇದು ತಿಂಗಳುಗಟ್ಟಲೆ ನಡೆಯಿತು. ಬೆಳಿಗ್ಗೆ ಎದ್ದರೆ ಅದೇ ನಾತ, ಅದೇ ನರಳಾಟ, ಅದೇ ಗಂಜಿಯ ಮಡಕೆ. ಪ್ರೀತಿ ಎಂದರೆ ಹೃದಯ ಉಕ್ಕಿ ಬರುವ ಭಾವನೆ ಎಂದು ತಿಳಿದವರು ಇದನ್ನು ಎರಡು ಸಲ ಓದಬೇಕು. ಉಕ್ಕಿದ್ದು ಮೂರನೇ ದಿನಕ್ಕೆ ಇಳಿಯುತ್ತದೆ. ಆಮೇಲೆ ನಡೆಸುವುದು ವಿಧೇಯತೆ. ಪ್ರೀತಿಯೂ ವಿಧೇಯತೆಯೂ ಎರಡು ಬೇರೆ ಪುಣ್ಯಗಳಲ್ಲ ಎನ್ನುವುದು ಸಿಡುಬಿನ ಗುಡಿಸಲಲ್ಲಿ ತಿಳಿಯುವಷ್ಟು ಚೆನ್ನಾಗಿ ಪೀಠದ ಮುಂದೆ ತಿಳಿಯುವುದಿಲ್ಲ.

ಅರಸನೇ ಆಮೇಲೆ ಒಪ್ಪಿಕೊಂಡ, ಈ ಗುರುಗಳಿಲ್ಲದಿದ್ದರೆ ಊರ ಬೀದಿ ಹೆಣಗಳಿಂದ ತುಂಬುತ್ತಿತ್ತು ಎಂದು. ರಾಜ್ಯದಲ್ಲೆಲ್ಲ ಓಡಾಡಲು ಅವರಿಗೆ ಸ್ವಾತಂತ್ರ್ಯ ಸಿಕ್ಕಿತು.

ಇದು ಬರೀ ಹಳೇ ಕಥೆ ಅಂದುಕೊಳ್ಳುವವರು 2020ನ್ನು ನೆನಪು ಮಾಡಿಕೊಳ್ಳಬಹುದು. ಕೋವಿಡ್ ಬಂದ ಆ ದಿನಗಳಲ್ಲಿ ಶವಕ್ಕೆ ಹೆಗಲು ಕೊಡಲು ಸ್ವಂತದವರೇ ಹಿಂಜರಿದರು. ನಮ್ಮೂರ ಸ್ಮಶಾನಕ್ಕೆ ತರಬೇಡಿ ಎಂದು ಅಡ್ಡ ನಿಂತವರಲ್ಲಿ ದೇವರನ್ನು ನಂಬುವವರೂ ಇದ್ದರು. ಅದೇ ಹೊತ್ತಿನಲ್ಲಿ ಪಿಪಿಇ ಅಂಗಿ ತೊಟ್ಟು, ಜಾತಿ ಮತ ನೋಡದೆ, ಗುರುತಿಲ್ಲದವರ ಮಣ್ಣು ಮಾಡಿದ ಹುಡುಗರೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ಪ್ರಾರ್ಥನೆಯಲ್ಲಿ ಅಷ್ಟೇನೂ ಮುಂದಿದ್ದವರಲ್ಲ. ಸಾಮತಿಯ ಮೊದಲನೆಯ ಮಗ ಎಲ್ಲಿಂದ ಬರುತ್ತಾನೆ ಅಂತ ಹೇಳಲಿಕ್ಕಾಗುವುದಿಲ್ಲ.

ಗುಡ್ಡಕ್ಕೆ ಬರುವವರ ಹರಕೆಗಳು ಹಲವು. ಮಗಳ ಮದುವೆ, ಮಗನ ಕೆಲಸ, ಬೆನ್ನುನೋವು, ಕೋರ್ಟಿನಲ್ಲಿರುವ ಜಾಗದ ತಕರಾರು. ಬೇಡುವುದು ತಪ್ಪಲ್ಲ, ಪ್ರಭುವೇ ಬೇಡಿರಿ ಎಂದಿದ್ದಾರೆ. ಒರತೆಯ ನೀರು ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗುವುದೂ ಭಕ್ತಿಯೇ. ಆದರೆ ಆ ಜಾಗದ ತಕರಾರು ಯಾರ ಜೊತೆ? ಎಷ್ಟೋ ಸಲ ಒಡಹುಟ್ಟಿದವರ ಜೊತೆಯೇ. ಅಣ್ಣನ ಮನೆಯ ಮುಂದೆಯೇ ಬಸ್ಸು ಹತ್ತಿ, ಅತ್ತ ತಿರುಗಿಯೂ ನೋಡದೆ, ಇಲ್ಲಿ ಬಂದು ಮೊಂಬತ್ತಿ ಹಚ್ಚಿದರೆ ಸಂತರು ಏನು ಮಾಡಬೇಕು? ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು, ಮೊದಲು ಹೋಗಿ ಸೋದರನೊಂದಿಗೆ ರಾಜಿಯಾಗಲು ಪ್ರಭು ಹೇಳಿದ್ದಾರೆ. ಅದೂ ಆಜ್ಞೆಯೇ. ಉಳಿದ ಆಜ್ಞೆಗಳಂತೆ ಅದಕ್ಕೂ ಹೂಂ ಅಂದದ್ದಿದೆ. ಮನೆಯ ಮೂಲೆಯ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರೆ ಕ್ಯಾಂಡಿಯ ಕಾಡು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಒರತೆಯ ನೀರನ್ನು ಅವರಿಗೆ ಕುಡಿಸುವ ಮೊದಲು ಬಿಸಿನೀರಲ್ಲಿ ಮೈ ಒರೆಸಿಕೊಟ್ಟರೂ ಅದು ಇದೇ ಸಂತರ ದಾರಿ.

ಜೋಸೆಫ್ ವಾಜ್‌ರಿಗೆ ಸಿಲೋನಿನ ಧರ್ಮಾಧ್ಯಕ್ಷರ ಸ್ಥಾನ ಕೊಡಿಸಬೇಕೆಂದು ಜಗದ್ಗುರುಗಳ ರಾಯಭಾರಿ ಆಲೋಚಿಸಿದ್ದುಂಟು. ಅವರು ಬೇಡವೆಂದು ಕೈಮುಗಿದರು. ಕಳುಹಿಸಿದ ಕಡೆಗೆ ಹೋಗುವುದು ಮಾತ್ರ ಅವರಿಗೆ ಗೊತ್ತಿದ್ದ ಪದವಿ. ಇಪ್ಪತ್ತಮೂರಕ್ಕೂ ಹೆಚ್ಚು ವರ್ಷ ಆ ದ್ವೀಪದಲ್ಲಿ ಅಲೆದು, ಒಮ್ಮೆಯೂ ಊರಿಗೆ ಮರಳದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ಬದುಕಿದ್ದಾಗ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲ ಎಂದು ಹಾಸಿಗೆಯ ಸುತ್ತ ಇದ್ದವರಿಗೆ ಹೇಳಿದರಂತೆ.

1995ರ ಜನವರಿ 21ರಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. ಸಂತ ಪದವಿಗೆ ಸಾಮಾನ್ಯವಾಗಿ ಇನ್ನೊಂದು ಪವಾಡ ಬೇಕಾಗುತ್ತದೆ. ಫ್ರಾನ್ಸಿಸ್ ಜಗದ್ಗುರುಗಳು ಅದಕ್ಕಾಗಿ ಕಾಯಲಿಲ್ಲ. ಪವಾಡ ಕೇಳಿಕೊಂಡು ಗುಡ್ಡ ಹತ್ತುವವರು ಇದನ್ನೂ ತಿಳಿದಿರುವುದು ಒಳ್ಳೆಯದು. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ, ಸಮುದ್ರದ ಪಕ್ಕ, ಲಕ್ಷಾಂತರ ಜನರ ನಡುವೆ ಅವರ ಹೆಸರನ್ನು ಸಂತರ ಸಾಲಿಗೆ ಸೇರಿಸಲಾಯಿತು. ಆ ದೇಶದಲ್ಲಿ ಇಪ್ಪತ್ತಾರು ವರ್ಷಗಳ ಯುದ್ಧ ಮುಗಿದದ್ದು 2009ರಲ್ಲಿ. ಗಾಯ ಇನ್ನೂ ಹಸಿಯಾಗಿತ್ತು. ತಮಿಳು ಕಲಿತು ಜಾಫ್ನಾದಲ್ಲಿ, ಸಿಂಹಳ ಕಲಿತು ಕ್ಯಾಂಡಿಯಲ್ಲಿ ಸೇವೆ ಮಾಡಿದ ಗೋವಾದ ಗುರುವಿಗಾಗಿ ಆ ದಿನ ತಮಿಳರೂ ಸಿಂಹಳರೂ ಒಂದೇ ಬಲಿಪೂಜೆಯಲ್ಲಿ ಮಂಡಿಯೂರಿದರು.